ಅಡುಗೆಮನೆಯ ನುಡಿಪಾಠ

ಕಳೆದ ಶ್ರಾವಣದ ಮೊದಲ ವಾರದಲ್ಲಿ ಕಾರ್ಯನಿಮಿತ್ತ ನಾವು ಪುತ್ತೂರಿಗೆ ಹೋಗಬೇಕಾಯಿತು. ಶಿರಾಡಿ ಘಟ್ಟವನ್ನಿಳಿದು ಗುಂಡ್ಯ, ನೆಲ್ಯಾಡಿಗಳನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಸ್ಥಳವನ್ನು ಬಸ್ಸಿನಿಂದಲೇ ಕಂಡು, ಸುರಿಯುವ ಮಳೆಯಲ್ಲಿ ಊರನ್ನು ಸೇರಿದೆವು. ನಮ್ಮ ಬಿಡಾರ ಬಾಗಲಕೋಟೆ ಕಡೆಯ ಶರಣಬಂಧುಗಳೊಬ್ಬರ ಮನೆಯಲ್ಲಿ. ಯಜಮಾನರು ಸರಕಾರಿ ಬಸ್ಸಿನ ಚಾಲಕರು. ಮನೆಯಲ್ಲಿ ಅವರ ತಾಯಿ, ಪತ್ನಿ, ಶಾಲೆಗೆ ಹೋಗುವ ಒಬ್ಬ ಮಗ. ಈ ಸೀಮೆಯ ಬಸ್ಸುಗಳಲ್ಲಿಯೂ ಶಾಲೆಗಳಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಿಂದ ಬಂದ ನೌಕರರು ಬಹಳ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಲಿಂಗಾಯತ ಮನೆಯೆಂದರೆ ಹೆಚ್ಚಾಗಿ ಹೀಗೆ ನೌಕರಿಯನ್ನು ಹಿಂಬಾಲಿಸಿ ಬಂದ ಮನೆಯೇ.

ಅಡುಗೆಮನೆಯ ಗೂಡಿನಲ್ಲಿ, ಜೀರಿಗೆ ಸಾಸಿವೆಯ ಡಬ್ಬಿಗಳ ನಡುವೆ, ಎಣ್ಣೆಯ ಕಲೆ ಹತ್ತಿದ ಒಂದು ನೋಟುಪುಸ್ತಕವಿತ್ತು. ಸೊಸೆಯನ್ನು ಕೇಳಿದಾಗ ಸಂಕೋಚದಿಂದ ತೆಗೆದುಕೊಟ್ಟಳು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ತುಳು ಶಬ್ದ, ಬಲಕ್ಕೆ ನಮ್ಮ ಕಡೆಯ ಶಬ್ದ ಬರೆದಿದ್ದಳು. ಅರಿ ಎಂದರೆ ಅಕ್ಕಿ. ನುಪ್ಪು ಎಂದರೆ ಅನ್ನ. ಕಜಿಪು ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಸಾರು, ಹುಳಿ ಮುಂತಾದದ್ದು. ಮುಂಚಿ ಎಂದರೆ ಮೆಣಸಿನಕಾಯಿ, ತಾರಾಯಿ ಎಂದರೆ ತೆಂಗಿನಕಾಯಿ, ಬಜಿಲ್ ಎಂದರೆ ಅವಲಕ್ಕಿ, ಕುಕ್ಕು ಎಂದರೆ ಮಾವು. ಹೀಗೆ ಹನ್ನೆರಡು ಪುಟಗಳು.

“ಇದೆಲ್ಲಾ ಯಾಕ ಬರಕೊಂಡಿ ತಂಗಿ?” ಎಂದೆವು.

“ಬೋಡು ಅಂದ್ರ ಬ್ಯಾಡ ಅಂತ ತಿಳಕೊಂಡಿದ್ದೆ ಕಾಕಾರ, ಅವತ್ತಿಂದ” ಎಂದು ನಕ್ಕಳು.

ಪ್ರಸಂಗ ಹೀಗಿದೆ. ಆಕೆ ಹೊಸದಾಗಿ ಬಂದ ತಿಂಗಳಲ್ಲಿ ನೆರೆಮನೆಯ ಹಿರಿಯ ತಾಯಿಯೊಬ್ಬರು ಬೆಳಗಿನ ಉಪಾಹಾರಕ್ಕೆ ಕರೆದಿದ್ದರು. ಎರಡು ಕಡುಬಿನಂಥ ಉಂಡೆಗಳನ್ನು ಬಡಿಸಿದರು. ತಿಂದಾದ ಮೇಲೆ “ನನೊಂಜಿ ಬೋಡಾ?” ಎಂದು ಕೇಳಿದರು. ಅದರ ಅರ್ಥ ‘ಇನ್ನೊಂದು ಬೇಕೇ?’ ಎಂದು. ಬಾಗಲಕೋಟೆಯ ಕಿವಿಗೆ ಅದು ‘ಬ್ಯಾಡಾ?’ ಎಂದು ಕೇಳಿಸಿತು. ಈಕೆ “ಹೂಂರೀ” ಎಂದಳು. ಮತ್ತೊಂದು ಬಿದ್ದಿತು. ಮತ್ತೆ “ಬೋಡಾ?” ಮತ್ತೆ “ಹೂಂರೀ.” ಎಲೆಯಲ್ಲಿ ಬಂದುದನ್ನು ಚೆಲ್ಲುವ ಪದ್ಧತಿ ಶರಣರ ಮನೆಯಲ್ಲಿಲ್ಲ, ಪ್ರಸಾದವೆಂದು ಭಾವಿಸಿ ಏಳು ಉಂಡೆಗಳನ್ನು ತಿಂದು ಮನೆಗೆ ಬಂದು ಮಲಗಿದಳಂತೆ. ಬಡಿಸಿದ ತಾಯಿಗೆ ಪರಮಸಂತೋಷ. ಘಟ್ಟದ ಮೇಲಿನ ಹುಡುಗಿಗೆ ತಮ್ಮ ಕೈರುಚಿ ಇಷ್ಟು ಹಿಡಿಸಿತಲ್ಲಾ ಎಂದು! ಬೇಡ ಎನ್ನಲು ‘ಬೊಡ್ಚಿ’ ಎಂದೂ, ಸಾಕು ಎನ್ನಲು ‘ಯಾವು’ ಎಂದೂ ಹೇಳಬೇಕೆಂಬುದನ್ನು ಆಕೆ ಆ ಸಂಜೆಯೇ ಕೇಳಿ ತಿಳಿದು ಬರೆದುಕೊಂಡಳು. ನೋಟುಪುಸ್ತಕದ ಮೊದಲ ಸಾಲುಗಳು ಇವೇ.

ಈ ಮೂರು ತಾಲೂಕುಗಳಲ್ಲಿ ಕನ್ನಡವೊಂದನ್ನೇ ಬಲ್ಲವರು ಬದುಕಲಾರರೆಂದಲ್ಲ. ಅಲ್ಲಿಯ ಜನರು ಹೊರಗಿನವರೊಡನೆ ಅಚ್ಚುಕಟ್ಟಾದ, ಪುಸ್ತಕದ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಇಪ್ಪತ್ತು ವರ್ಷ ನೌಕರಿ ಮಾಡಿ ಒಂದೂ ತುಳು ಶಬ್ದವನ್ನು ಕಲಿಯದೆ ನಿವೃತ್ತರಾದವರನ್ನು ನಾವು ಬಲ್ಲೆವು. ಅಂಥವರು ಅಲ್ಲಿ ಇಪ್ಪತ್ತು ವರ್ಷವೂ ಅತಿಥಿಗಳಾಗಿಯೇ ಉಳಿದರು. ಊರಿನವರು ಅವರೊಡನೆ ಸಭೆಯಲ್ಲಿ ಮಾತನಾಡಿದಂತೆ ಮಾತನಾಡಿದರು. ಮನೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಗಂಡಸರಿಗೆ ಕಚೇರಿಯಾದರೂ ಇರುತ್ತದೆ. ಹಗಲೆಲ್ಲ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ, ಅದೂ ಆರು ತಿಂಗಳ ಮಳೆಯಲ್ಲಿ, ಈ ಅತಿಥಿಯ ಬಾಳು ಸುಲಭವಲ್ಲ.

ತುಳುವಿನ ಮಾತಂತಿರಲಿ, ಕನ್ನಡದ ಶಬ್ದವೇ ಇಲ್ಲಿ ನಮ್ಮನ್ನು ಏಮಾರಿಸುತ್ತದೆ. ‘ಪುಂಡಿ’ ಎಂಬುದನ್ನೇ ನೋಡಿರಿ. ನಮ್ಮ ಕಡೆ ಪುಂಡಿಯೆಂದರೆ ಹುಳಿಯಾದ ಸೊಪ್ಪು. ಜೋಳದ ನುಚ್ಚು ಹಾಕಿ ಪಲ್ಯ ಮಾಡಿ, ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ರೊಟ್ಟಿಯೊಡನೆ ತಿನ್ನತಕ್ಕದ್ದು. ನೆರೆಯ ತಾಯಿ ಒಮ್ಮೆ “ನಾಳೆ ಪುಂಡಿ ಮಾಡುತ್ತೇನೆ, ನಿಮಗೂ ಕೊಡುತ್ತೇನೆ” ಎಂದಾಗ ನಮ್ಮ ಈ ಮನೆಯ ಅತ್ತೆಯವರಿಗೆ ತವರೇ ನೆನಪಾಯಿತು. ಬೆಳಗಾಗೆದ್ದು ಹತ್ತು ಜೋಳದ ರೊಟ್ಟಿ ಬಡಿದಿಟ್ಟರು. ಬಂದದ್ದೇನು? ಅಕ್ಕಿಯ ತರಿಯನ್ನು ಒಗ್ಗರಣೆಯ ನೀರಿನಲ್ಲಿ ಕುದಿಸಿ, ತೆಂಗಿನತುರಿ ಸೇರಿಸಿ, ಉಂಡೆ ಕಟ್ಟಿ ಹೆಬ್ಬೆರಳಿನಿಂದ ನಡುವೆ ಒಂದು ಕುಳಿ ಒತ್ತಿ, ಹಬೆಯಲ್ಲಿ ಬೇಯಿಸಿದ ಬೆಳ್ಳನೆಯ ಮುದ್ದೆಗಳು! ಸೊಸೆ ಅಂದು ಏಳು ತಿಂದದ್ದು ಇದನ್ನೇ. ರೊಟ್ಟಿಗೆ ಪಲ್ಯವಿಲ್ಲದೆ ಅತ್ತೆಯವರು ಶೇಂಗಾ ಚಟ್ನಿಯಲ್ಲಿ ದಿನ ಕಳೆದರು.

‘ಸಜ್ಜಿಗೆ’ಯೂ ಹಾಗೆಯೇ. ನಮ್ಮಲ್ಲಿ ಸಜ್ಜಕ ಬೆಲ್ಲದ ಸಿಹಿ. ಸಜ್ಜಿಯೆಂದರೆ ರೊಟ್ಟಿಯ ಧಾನ್ಯ. ಮೈಸೂರ ಕಡೆಯ ಸಜ್ಜಿಗೆಯೂ ಸಿಹಿಯೇ. ಪುತ್ತೂರಿನ ಹೋಟೆಲಿನಲ್ಲಿ ಸಜ್ಜಿಗೆ ಕೇಳಿದರೆ ಉಪ್ಪಿಟ್ಟು ಬರುತ್ತದೆ. ಅದರ ಜೊತೆಗೆ ಖಾರದ ಅವಲಕ್ಕಿ ಬೆರೆಸಿಕೊಂಡರೆ ಅದೇ ಸಜ್ಜಿಗೆ ಬಜಿಲ್. ಅಲ್ಲಿಯವರಿಗೆ ಬಹು ಪ್ರಿಯವಾದ ಬೆಳಗಿನ ತಿಂಡಿ. ಕಡುಬು ಎಂದರೆ ಹೂರಣದ ಕಡುಬಲ್ಲ. ಇಡ್ಲಿಯಂಥ ಹಿಟ್ಟನ್ನು ಹಲಸಿನ ಎಲೆಯ ಕೊಟ್ಟೆಯಲ್ಲಿ ಹೊಯ್ದು ಬೇಯಿಸಿದ್ದು; ಹವ್ಯಕರು ಅದಕ್ಕೆ ಕೊಟ್ಟಿಗೆ ಎನ್ನುತ್ತಾರೆ, ತುಳುವರು ಗುಂಡ ಎನ್ನುತ್ತಾರೆ, ಕೇದಗೆಯ ಜಾತಿಯ ಎಲೆಯ ಕೊಳವೆಯಲ್ಲಿ ಬೇಯಿಸಿದರೆ ಮೂಡೆ ಎನ್ನುತ್ತಾರೆ. ‘ಗಟ್ಟಿ’ ಎಂಬುದು ಅಲ್ಲಿ ಗುಣವಾಚಕವಲ್ಲ, ತಿಂಡಿಯ ಹೆಸರು. ಹಲಸಿನ ಹಣ್ಣಿನ ಗಟ್ಟಿಯನ್ನು ನಾವು ತಿಂದೆವು, ಅದು ಮೆತ್ತಗಿತ್ತು. ‘ಕಾಯಿ’ ಎಂದರೆ ತೆಂಗಿನಕಾಯಿ, ಬೇರೆ ಕಾಯಿಗಳಿಗೆ ಹೆಸರು ಹೇಳಬೇಕು. ಬೆಳ್ತಿಗೆ, ಕುಚ್ಚಲು ಎಂದು ಅಕ್ಕಿಯಲ್ಲಿ ಎರಡು ಬಗೆ. ಬೆಳ್ತಿಗೆ ನಮಗೆ ಪರಿಚಿತವಾದ ಬಿಳಿ ಅಕ್ಕಿ. ಕುಚ್ಚಲಕ್ಕಿಯನ್ನು ಭತ್ತವಿದ್ದಾಗಲೇ ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುತ್ತಾರೆ; ಕಾಳು ದಪ್ಪ, ಬಣ್ಣ ಕೆಂಪು, ಬೇಯಲು ಬಹುಹೊತ್ತು ಬೇಕು. ಇದನ್ನರಿಯದೆ ಎರಡು ಸೀಟಿಗೆ ಕುಕ್ಕರ್ ಇಳಿಸಿ ಹಲ್ಲು ನೋಯಿಸಿಕೊಂಡ ನಮ್ಮವರು ಒಬ್ಬಿಬ್ಬರಲ್ಲ.

ನೋಟುಪುಸ್ತಕದ ಶಬ್ದಗಳನ್ನು ಓದುತ್ತಾ ಹೋದಂತೆ ನಮಗೆ ಒಂದು ಸಂಗತಿ ಹೊಳೆಯಿತು, ಸೊಸೆಗೂ ತೋರಿಸಿಕೊಟ್ಟೆವು. ನಮ್ಮ ಹುಳಿ ತುಳುವಿನಲ್ಲಿ ಪುಳಿ. ನಮ್ಮ ಹೀರೆ ಅಲ್ಲಿ ಪೀರೆ. ನಮ್ಮ ಹೂವು ಅಲ್ಲಿ ಪೂ. ಹಲಸು ಅಲ್ಲಿ ಪೆಲಕಾಯಿ. ಹಳಗನ್ನಡದಲ್ಲಿ ನಮ್ಮ ಹಿರಿಯರೂ ಪುಳಿ, ಪೂ, ಪಾಲ್ ಎಂದೇ ನುಡಿಯುತ್ತಿದ್ದರು. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡದ ಶಬ್ದಾರಂಭದ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು. ಹನ್ನೆರಡನೆಯ ಶತಮಾನದ ಶರಣರು ವಚನ ನುಡಿದುದು ಈ ಬದಲಾವಣೆ ನಡೆಯುತ್ತಿದ್ದ ಕಾಲದಲ್ಲಿಯೇ. ತುಳು ಪಕಾರವನ್ನು ಬಿಡಲಿಲ್ಲ. ಇನ್ನೊಂದು ಗುಟ್ಟು ರಕಾರದ್ದು. ಬಾಳೆ ಅಲ್ಲಿ ಬಾರೆ, ಎಲೆ ಅಲ್ಲಿ ಇರೆ, ಹಾಲು ಅಲ್ಲಿ ಪೇರ್. ‘ಬಾರೆ’ ಎಂಬುದನ್ನು ಕೇಳಿ ಯಾರೋ ತನ್ನನ್ನು ಏಕವಚನದಲ್ಲಿ ಕರೆದರೆಂದು ಸೊಸೆ ಒಮ್ಮೆ ಮುನಿಸಿಕೊಂಡಿದ್ದಳಂತೆ; ‘ಪೇರ್’ ಎಂದಾಗ ಪೇರಲ ಹಣ್ಣನ್ನು ನಿರೀಕ್ಷಿಸಿದ್ದಳಂತೆ. ಈ ಎರಡು ಗುಟ್ಟು ತಿಳಿದ ಮೇಲೆ ಅರ್ಧ ಅಡುಗೆಮನೆ ತಾನಾಗಿ ಅರ್ಥವಾಗುತ್ತದೆ. ಪರಭಾಷೆ ಎಂದುಕೊಂಡದ್ದು ನೆಂಟರ ಭಾಷೆಯಾಗಿ ಕಾಣುತ್ತದೆ.

ತುಳುವಿಗೆ ನಿಘಂಟಿಲ್ಲವೆಂದು ಯಾರೂ ಭಾವಿಸಬಾರದು. ಬಾಸೆಲ್ ಮಿಷನ್ನಿನ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ಲರ ಕನ್ನಡ ನಿಘಂಟು ಬಂದುದು 1894ರಲ್ಲಿ. ಡಾ. ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರಾಗಿ ರೂಪಿಸಿದ ಆರು ಸಂಪುಟಗಳ ತುಳು ನಿಘಂಟನ್ನು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ವರೆಗೆ ಪ್ರಕಟಿಸಿತು. ಆದರೆ ತುಳುವೊಂದರಿಂದ ಈ ಸೀಮೆಯ ಕೆಲಸ ಮುಗಿಯುವುದಿಲ್ಲ. ಸುಳ್ಯದತ್ತ ಹೋದರೆ ಗೌಡರ ಮನೆಗಳಲ್ಲಿ ಅರೆಭಾಷೆ; ಅದಕ್ಕೆ 2011ರಲ್ಲಿ ಪ್ರತ್ಯೇಕ ಅಕಾಡೆಮಿಯೂ ಸ್ಥಾಪನೆಯಾಗಿದೆ. ಹವ್ಯಕರ ಮನೆಯಲ್ಲಿ ಹುಳಿಗೆ ಬೆಂದಿ, ಪಲ್ಯಕ್ಕೆ ತಾಳು ಎಂಬ ಹೆಸರು. ಪೇಟೆಯಲ್ಲಿ ಕೊಂಕಣಿ, ಬ್ಯಾರಿ ನುಡಿಗಳು. ಗಡಿಯ ಕಡೆ ಮಲೆಯಾಳ. ಕಡಬವಂತೂ ಪುತ್ತೂರು, ಸುಳ್ಯಗಳಿಂದ ಊರುಗಳನ್ನು ಪಡೆದು ಈಚೆಗೆ ತಾಲೂಕಾದದ್ದು. ಕುಕ್ಕೆ ಸುಬ್ರಹ್ಮಣ್ಯವೂ ಈಗ ಅದರಲ್ಲಿಯೇ ಇದೆ.

ಈ ನೆಲ ನಮ್ಮ ಸಮಾಜಕ್ಕೆ ತೀರ ಹೊಸದೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಕೊಡಗಿನ ಹಾಲೇರಿ ಅರಸರು ವೀರಶೈವರು. ಸುಳ್ಯ, ಪಂಜ, ಬೆಳ್ಳಾರೆಗಳ ಮಾಗಣೆಗಳು 1834ರ ವರೆಗೆ ಅವರ ಆಳ್ವಿಕೆಯಲ್ಲಿದ್ದವು. ಅರಸೊತ್ತಿಗೆ ಹೋಗಿ ಇಂಗ್ಲಿಷರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದಾಗ, ಅದುವರೆಗೆ ಬೆಳೆದ ವಸ್ತುವಿನ ರೂಪದಲ್ಲಿ ತೆರುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾಯಿತು. 1837ರ ಅಮರಸುಳ್ಯದ ದಂಗೆಗೆ ಇದೂ ಒಂದು ಕಾರಣ. ಆ ದಂಗೆಯ ಮುಂದೆ ನಿಂತದ್ದು ಕಲ್ಯಾಣಸ್ವಾಮಿ ಎಂಬ ಹೆಸರು, ಜಂಗಮವೇಷ. ಹಿಂದೆ ನಿಂತವರು ಕೆದಂಬಾಡಿ ರಾಮಯ್ಯಗೌಡರಂಥ ಸ್ಥಳೀಯ ಹಿರಿಯರು. ಅಂದು ಈ ಎರಡು ಕಡೆಯವರೂ ಒಂದೇ ಮನೆಯಲ್ಲಿ ಕುಳಿತು ಮಾತನಾಡಿರಲೇಬೇಕು. ಯಾವ ನುಡಿಯಲ್ಲಿ ಎಂದು ನಾವು ಬಸ್ಸಿನಲ್ಲಿ ಕುಳಿತು ಯೋಚಿಸಿದ್ದುಂಟು.

ಮನೆಯ ಅತ್ತೆಯವರ ಮಾತಿಗೆ ಬರೋಣ. ಅವರಿಗೆ ಸೊಸೆಯ ಈ ನೋಟುಪುಸ್ತಕ ಮೊದಲು ಹಿಡಿಸಿರಲಿಲ್ಲ. “ಮೀನ ತಿನ್ನೋ ಮನಿ. ಯಾವ ಪಾತ್ರಿಯೊಳಗ ಏನ ಕುದಿಸಿರ್ತಾರೋ! ಅವರ ತಿಂಡಿನೂ ಬ್ಯಾಡ, ತಿಂಡಿ ಹೆಸರೂ ಬ್ಯಾಡ” ಎಂಬುದು ಅವರ ವಾದ. ಇದನ್ನು ನಾವು ಹಗುರಾಗಿ ಕಾಣುವುದಿಲ್ಲ. ಎಪ್ಪತ್ತು ವರ್ಷ ಒಂದು ಆಚಾರವನ್ನು ಹಿಡಿದು ಬಂದ ಜೀವದ ಆತಂಕ ಅದು. ಕರಾವಳಿಯಲ್ಲಿ ಈ ಎಚ್ಚರ ಬೇಕೂ ಹೌದು. ರೊಟ್ಟಿಯೆಂಬ ಹೆಸರನ್ನು ಕಂಡು ಹಸಿದು ಕುಳಿತವನಿಗೆ ‘ಕೋರಿ ರೊಟ್ಟಿ’ ಬಂದರೆ, ಕೋರಿ ಎಂದರೆ ಕೋಳಿಯೆಂದು ಅವನಿಗೆ ತಿಳಿದಿರಬೇಕು. ಎಟ್ಟಿ ಎಂದರೆ ಸೀಗಡಿ, ಮರುವಾಯಿ ಎಂದರೆ ಚಿಪ್ಪಿನ ಜೀವಿ ಎಂದು ತಿಳಿದಿರಬೇಕು. ಒಣ ರೊಟ್ಟಿಯಾದರೋ ಬರೀ ಅಕ್ಕಿಯದು, ನಿಶ್ಚಿಂತೆಯಿಂದ ತಿನ್ನಬಹುದು ಎಂಬುದೂ ತಿಳಿದಿರಬೇಕು. ಹೆಸರನ್ನು ಕಲಿಯದೆ ಎಚ್ಚರವಾದರೂ ಹೇಗೆ ಸಾಧ್ಯ?

ನಾವು ಅವರಿಗೆ ಹೇಳಿದ್ದು ಇಷ್ಟೇ. ಲಿಂಗಕ್ಕೆ ಅರ್ಪಿಸದೆ ನಾವು ಉಣ್ಣುವುದಿಲ್ಲ. ಅರ್ಪಿಸುವ ಮುನ್ನ ಅದು ಪದಾರ್ಥ, ಅರ್ಪಿತವಾದ ಮೇಲೆ ಪ್ರಸಾದ ಎಂದು ಶರಣರು ಬಗೆದರು. ಪದಾರ್ಥ ಎಂಬ ಶಬ್ದದಲ್ಲಿಯೇ ಪದವೂ ಇದೆ, ಅರ್ಥವೂ ಇದೆ. ಏನೆಂದು ತಿಳಿಯದ್ದನ್ನು ಅರ್ಪಿಸುವುದು ಹೇಗೆ ಸರಿಯಲ್ಲವೋ, ಏನೆಂದು ಕೇಳದೆಯೇ ತಳ್ಳಿಬಿಡುವುದೂ ಹಾಗೆಯೇ ಸರಿಯಲ್ಲ. ಕೇಳಬೇಕು. ಸೊಸೆ ಕೇಳಿದಳು. ನೆರೆಯ ತಾಯಿ ಸಿಟ್ಟಾಗಲಿಲ್ಲ. ಒಳಗೆ ಕರೆದೊಯ್ದು ಬೇರೆಯಾಗಿಟ್ಟಿದ್ದ ಹಬೆಯ ಪಾತ್ರೆಯನ್ನು ತೋರಿಸಿದರು. ನಾಗನಿಗೆ ತಂಬಿಲ ಕೊಡುವ ದಿನ ಅವರ ಮನೆಯಲ್ಲಿಯೂ ಮೀನಿಲ್ಲ, ಆ ದಿನದ ಪಾತ್ರೆ ಇದು, ನಿಮಗೆ ಕೊಡುವುದನ್ನು ಇದರಲ್ಲಿಯೇ ಬೇಯಿಸುತ್ತೇನೆ ಎಂದರು. ತಾವಾಗಿ ಕೇಳದಿದ್ದರೆ ಈ ಆದರ ಗೊತ್ತಾಗುತ್ತಲೇ ಇರಲಿಲ್ಲ.

ದೂರದಿಂದ ಬಂದು ಇನ್ನೊಂದು ನೆಲದ ನುಡಿಯನ್ನು ತಮ್ಮದಾಗಿಸಿಕೊಂಡವರು ನಮ್ಮ ಪರಂಪರೆಯಲ್ಲಿಯೇ ಇದ್ದಾರೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದೂ ರಾಜ್ಯವನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸಿದರೆಂದೂ ಪರಂಪರೆ ಹೇಳುತ್ತದೆ. ದಂಪತಿಗಳಿಬ್ಬರ ವಚನಗಳೂ ನಮ್ಮ ಕೈಯಲ್ಲಿವೆ, ಕನ್ನಡದಲ್ಲಿಯೇ ಇವೆ. ಅವರ ಮನೆಯ ಅಂಬಲಿಯ ರುಚಿಯನ್ನು ಕೇಳಿ ಬಸವಣ್ಣನವರು ಮಾರಯ್ಯ ಇಲ್ಲದ ಹೊತ್ತಿನಲ್ಲಿ ಹೋಗಿ ಅಂಬಲಿಯ ಪ್ರಸಾದವನ್ನು ಸ್ವೀಕರಿಸಿದ ಕಥೆ ಮನೆಮನೆಗೂ ಗೊತ್ತು. ಕಾಶ್ಮೀರದ ಅರಮನೆಯಲ್ಲಿ ಅಂಬಲಿಗೆ ಹೆಸರಾದರೂ ಇದ್ದಿತೇ? ಆ ತಾಯಿ ಅದನ್ನು ಕಾಯಿಸುವುದನ್ನೂ ಅದರ ಹೆಸರನ್ನೂ ಕಲ್ಯಾಣದ ಯಾವುದೋ ನೆರೆಯವಳಿಂದಲೇ ಕಲಿತಿರಬೇಕು. ಇದು ನಮ್ಮ ಊಹೆ. ಆದರೆ ಬೇರೆ ದಾರಿ ನಮಗೆ ತೋಚುವುದಿಲ್ಲ. ಪುತ್ತೂರಿನಲ್ಲಿ ಕುಚ್ಚಲಕ್ಕಿಯ ಬಿಸಿ ಗಂಜಿಯನ್ನು ಉಪ್ಪಿನಕಾಯಿಯೊಡನೆ ಉಣ್ಣುವಾಗ ನಮಗೆ ಈ ಕಥೆ ನೆನಪಾಯಿತು.

ಸೊಸೆಯ ಅಕ್ಕ ಡೆನ್ಮಾರ್ಕಿನಲ್ಲಿದ್ದಾಳೆ. ಗಂಡನ ನೌಕರಿ ಕೋಪನ್‌ಹೇಗನ್ನಿನಲ್ಲಿ. ಅಕ್ಕತಂಗಿಯರು ಭಾನುವಾರ ಫೋನಿನಲ್ಲಿ ತಾವು ವಾರದಲ್ಲಿ ಕಲಿತ ಶಬ್ದಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆಂಬುದು ನಮಗೆ ಬಹಳ ಮೆಚ್ಚಿಗೆಯಾಯಿತು. ಅಕ್ಕನಿಗೂ ಮೊದಲು ಬೇಕಾದದ್ದು ಅಂಗಡಿಯ ಪೊಟ್ಟಣದ ಮೇಲಿನ ಶಬ್ದಗಳೇ. ದನದ ಮಾಂಸ, ಹಂದಿಯ ಮಾಂಸಗಳ ಹೆಸರನ್ನು ಓದಲು ಬಾರದೆ ಅಲ್ಲಿ ಶಾಕಾಹಾರಿಯಾಗಿ ಉಳಿಯುವಂತಿಲ್ಲ. ಅಕ್ಕಿಗೆ ರಿಸ್, ಹಾಲಿಗೆ ಮೆಲ್ಕ್, ಬೆಣ್ಣೆಗೆ ಸ್ಮೋರ್. ಅವರ ನಿತ್ಯದ ಆಹಾರ ರೈ ಎಂಬ ಧಾನ್ಯದ ಕಪ್ಪುಬಣ್ಣದ ಗಟ್ಟಿ ರೊಟ್ಟಿ. ಬರೆಯುವುದು ರುಗ್‌ಬ್ರೋದ್ ಎಂದು, ನುಡಿಯುವಾಗ ಅಕ್ಷರಗಳನ್ನು ಅರ್ಧ ನುಂಗಿ ರೂಬ್ರೋ ಎನ್ನುತ್ತಾರಂತೆ. ಸಜ್ಜೆರೊಟ್ಟಿ ತಿಂದು ಬೆಳೆದವಳಿಗೆ ಬಣ್ಣದಿಂದ ಹೆದರಿಕೆಯಾಗಲಿಲ್ಲ. ಕ್ರಿಸ್ಮಸ್ಸಿನಲ್ಲಿ ಅವರು ಅಕ್ಕಿಯ ಪಾಯಸದಂಥ ಒಂದು ಸಿಹಿಯನ್ನು ಮಾಡಿ ಅದರೊಳಗೆ ಒಂದೇ ಒಂದು ಇಡೀ ಬಾದಾಮಿಯನ್ನು ಅಡಗಿಸಿಡುತ್ತಾರೆ. ಯಾರ ಬಟ್ಟಲಿಗೆ ಬಂದಿತೋ ಅವರಿಗೆ ಉಡುಗೊರೆ. ಊಟ ಮುಗಿದ ಮೇಲೆ ಉಂಡವರು ‘ತಕ್ ಫಾರ್ ಮಾದ್’, ಎಂದರೆ ‘ಅನ್ನಕ್ಕಾಗಿ ಕೃತಜ್ಞತೆ’, ಎಂದು ಹೇಳದೆ ಮೇಲೇಳುವುದಿಲ್ಲ. ಬಡಿಸಿದವರು ‘ವೆಲ್ಬೆಕೊಮ್ಮೆ’ ಎನ್ನುತ್ತಾರೆ. ತುಳುನಾಡಿನಲ್ಲಿ ದಾರಿಯಲ್ಲಿ ಸಿಕ್ಕವರು ಕೇಳುವ ಮೊದಲ ಮಾತು “ಒಣಸ್ ಆಂಡಾ?”, ‘ಊಟವಾಯಿತೇ?’ ಎಂದು. ನಮ್ಮ ಕಡೆಯೂ ಅದೇ ತಾನೆ!

ಕಲಿಯುವ ರೀತಿಯ ವಿಷಯದಲ್ಲಿ ಒಂದು ಮಾತು. ನೋಟುಪುಸ್ತಕ ಒಳ್ಳೆಯದೇ, ಆದರೆ ಈ ಸೊಸೆ ಶಬ್ದಗಳನ್ನು ಕಲಿತದ್ದು ಬರೆದುಕೊಂಡಲ್ಲ, ಕೂಡಿ ಕೆಲಸ ಮಾಡಿ. ಪತ್ರೊಡೆ ಮಾಡುವ ದಿನ ಕೆಸುವಿನ ಎಲೆಯ ನಾರನ್ನು ಬಿಡಿಸುತ್ತಾ ಕುಳಿತಾಗ ‘ತೇವು’ ಬಂದಿತು. ತುರಿಕೆ ಹೋಗಲು ಹಿಟ್ಟಿಗೆ ‘ಪುಳಿ’ ಹೆಚ್ಚು ಹಾಕಬೇಕೆಂದಾಗ ಪುಳಿ ಬಂದಿತು. ಮಡಿಸಿ ಸುರುಳಿ ಸುತ್ತಿ ಹಬೆಗಿಡುವಷ್ಟರಲ್ಲಿ ಕ್ರಿಯಾಪದಗಳೂ ಬಂದವು. ಒಂದೆಲಗಕ್ಕೆ ತಿಮರೆ, ಕಳಲೆಗೆ ಕಣಿಲೆ, ಮಳೆಗಾಲದಲ್ಲಿ ಬೇಲಿಯ ಬದಿ ಹುಟ್ಟುವ ತಗತೆಯ ಸೊಪ್ಪಿಗೆ ತಜಂಕ್. ಹಳ್ಳಿಯ ಹೆಣ್ಣುಮಗಳಾದ ಅತ್ತೆಯವರಿಗೆ ಈ ಸೊಪ್ಪುಗಳ ಮಾತು ಬಂದಾಗ ಮಾತ್ರ ತಡೆಯಲಾಗಲಿಲ್ಲ, ತಾವೂ ಹೊರಗೆ ಬಂದು ಕುಳಿತರಂತೆ.

ಆದರೆ ಒಂದು ಎಚ್ಚರಿಕೆ. ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಗಿನ ಜಾವ ಪಾಲೆಯ ಮರದ ಕೆತ್ತೆಯ ಕಷಾಯವನ್ನು ಕುಡಿದು ಮೇಲೆ ಮೆಂತೆಯ ಗಂಜಿ ಉಣ್ಣುವ ಪದ್ಧತಿ ಅಲ್ಲಿದೆ. ಹೆಸರು ಕಲಿತೆವೆಂಬ ಧೈರ್ಯದಲ್ಲಿ ನಮ್ಮವರು ತಾವೇ ಮರ ಹುಡುಕಿಕೊಂಡು ಹೋಗಬಾರದು. ಕಾಸರಕದ ಮರದ ತೊಗಟೆ ವಿಷ. ಕತ್ತಲೆಯಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಪಾಲೆಯನ್ನು ಕಣ್ಣಿನಿಂದ ಬಲ್ಲ ಸ್ಥಳೀಯ ಹಿರಿಯರು ತಂದುಕೊಟ್ಟರೆ ಮಾತ್ರ, ಇಲ್ಲವಾದರೆ ಮೆಂತೆಯ ಗಂಜಿಯಷ್ಟೇ ಸಾಕು.

ನಾವು ಹೊರಡುವ ದಿನ ಬೆಳಿಗ್ಗೆ ನೆರೆಯ ತಾಯಿ ಪತ್ರೊಡೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದರು. “ದಾರಿಗೆ ಬೇಕಲ್ಲ” ಎಂದರು. ಅತ್ತೆಯವರು ಪೂಜೆ ಮುಗಿಸಿ ಅಂಗೈಯಿಂದ ಲಿಂಗವನ್ನು ಕರಡಿಗೆಗಿಟ್ಟು ಎದ್ದು ಬಂದು ಆ ತಾಯಿಯನ್ನು ಕೈಹಿಡಿದು ಕೂರಿಸಿದರು. ಹಿಂದಿನ ದಿನ ಬಸ್ಸಿನಲ್ಲಿ ಊರಿಂದ ಜೋಳದ ಹಿಟ್ಟು ಬಂದಿತ್ತು. ಸೊಸೆ ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಹಾಕಿ ಕೊಟ್ಟಳು. ಅರ್ಧ ರೊಟ್ಟಿ ಮುಗಿಯುತ್ತಿದ್ದಂತೆ ಅತ್ತೆಯವರು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತು, ಬಾಗಲಕೋಟೆಯ ರಾಗದಲ್ಲಿ, “ಇನ್ನೊಂದ ಬೋಡಾ ಯವ್ವಾ?” ಎಂದರು.

ಆ ತಾಯಿ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು,“ಸಾಕ್ರೀ, ಸಾಕ್ರೀ” ಎಂದರು. ಅತ್ತೆಯವರು ಕೇಳದವರಂತೆ ಬಡಿಸಿಯೇಬಿಟ್ಟರು.